ಚಳಿಗಾಲದ ಕೇದಾರಕಂಠ: ಮೊದಲ ಸಲ ಹಿಮದಲ್ಲಿ ನಡೆಯುವ ಕುಟುಂಬಕ್ಕೆ ಸಲಹೆ ಬೇಕು

ಸಾವಿರ ಮೆಟ್ಟಿಲು, ಮೈಸೂರು

ಎಲ್ಲರಿಗೂ ನಮಸ್ಕಾರ. ನನಗೆ 53 ವರ್ಷ, ಮೈಸೂರಿನಲ್ಲಿ ಬ್ಯಾಂಕಿನ ಕೆಲಸ. ನನ್ನ ಹೆಂಡತಿಗೆ 48. ಮಗಳು ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾಳೆ. ಮುಂದಿನ ವರ್ಷ ಅವಳು ಕೆಲಸಕ್ಕೆ ಸೇರಿ ಯಾವ ಊರಿನಲ್ಲಿರುತ್ತಾಳೋ ಗೊತ್ತಿಲ್ಲವಾದ್ದರಿಂದ, ಈ ಚಳಿಗಾಲದಲ್ಲಿ ಮೂವರೂ ಸೇರಿ ಹಿಮಾಲಯದಲ್ಲಿ ನಾಲ್ಕು ದಿನ ನಡೆದು ಬರಬೇಕೆಂಬ ಆಸೆ ಮನೆಯಲ್ಲಿ ಗಟ್ಟಿಯಾಗಿದೆ. ಅವಳ ಗೆಳತಿಯರು ಹೋಗಿ ಬಂದಿರುವುದರಿಂದ ಉತ್ತರಾಖಂಡದ ಕೇದಾರಕಂಠದ ಹೆಸರು ಮೊದಲು ಬಂದಿದೆ. ಸುಮಾರು 3,800 ಮೀಟರ್ ಎತ್ತರದ ಆ ಶಿಖರ ಹೊಸಬರಿಗೆ ಸುಲಭ ಎಂದು ಎಲ್ಲ ಕಡೆಯೂ ಬರೆದಿದ್ದಾರೆ. ಆದರೆ ಆ ಮಾತು ಇಪ್ಪತ್ತರ ಹುಡುಗರಿಗಷ್ಟೇ ಸಲ್ಲುತ್ತದೋ, ನಮ್ಮ ವಯಸ್ಸಿನವರಿಗೂ ಸಲ್ಲುತ್ತದೋ ಎಂಬುದು ನನ್ನ ಮೊದಲ ಪ್ರಶ್ನೆ.

ನಾವು ಮೂವರೂ ಮುಳ್ಳಯ್ಯನಗಿರಿ ಮತ್ತು ಕೊಡಚಾದ್ರಿಯನ್ನು ಹತ್ತಿದ್ದೇವೆ. ಕುಮಾರಪರ್ವತವನ್ನು ನಾನೊಬ್ಬನೇ ಒಮ್ಮೆ ಹತ್ತಿದ್ದು, ಅದಾಗಿ 12 ವರ್ಷಗಳೇ ಕಳೆದಿವೆ. ಈಗ ಪ್ರತಿ ಭಾನುವಾರ ನಾನೂ ನನ್ನ ಹೆಂಡತಿಯೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತೇವೆ. ಹತ್ತುವಾಗ ಇಬ್ಬರಿಗೂ ತೊಂದರೆಯಿಲ್ಲ. ಇಳಿಯುವಾಗ ದೊಡ್ಡ ನಂದಿಯ ಹತ್ತಿರ ಬರುವಷ್ಟರಲ್ಲಿ ಅವಳ ಎಡ ಮೊಣಕಾಲು ನೋಯಲು ಶುರುವಾಗುತ್ತದೆ. ನಾನು ನಾಲ್ಕು ವರ್ಷಗಳಿಂದ ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಮ್ಮಲ್ಲಿ ಯಾರೂ ಇದುವರೆಗೆ ಹಿಮವನ್ನು ಕಣ್ಣಾರೆ ಕಂಡಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. 2024ರ ಜೂನ್‌ನಲ್ಲಿ ಇದೇ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ನಮ್ಮ ರಾಜ್ಯದಿಂದ ಹೋಗಿದ್ದ ತಂಡದ ಒಂಬತ್ತು ಮಂದಿ ತೀರಿಕೊಂಡ ಸುದ್ದಿಯನ್ನು ನನ್ನ ತಾಯಿ ಇನ್ನೂ ಮರೆತಿಲ್ಲ. ಬೇಸಿಗೆಯಲ್ಲೇ ಹಾಗಾದ ಮೇಲೆ ಚಳಿಗಾಲದಲ್ಲಿ ಯಾಕೆ ಹೋಗಬೇಕು ಎಂದು ಅವರು ಕೇಳುತ್ತಾರೆ. ಅವರಿಗೆ ಸಮಾಧಾನ ಹೇಳುವ ಮುನ್ನ ನನಗೇ ನಿಜ ತಿಳಿಯಬೇಕು. ಕ್ರಿಸ್‌ಮಸ್ ರಜೆಯಲ್ಲಿ ಹೋಗುವುದು ಒಳ್ಳೆಯದೋ, ಆಮೇಲೋ? ಎಂಥ ಬಟ್ಟೆ, ಎಂಥ ಬೂಟು ಬೇಕು? ಈಗಿನಿಂದ ಮೂರು ತಿಂಗಳಲ್ಲಿ ಮೈಯನ್ನು ಹೇಗೆ ಸಜ್ಜು ಮಾಡಿಕೊಳ್ಳಬೇಕು? ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಿ.

ಸಾಧನಕೇರಿ, ಧಾರವಾಡ

ನಮಸ್ಕಾರ ಸರ್. ನಾನು ನಿವೃತ್ತ ಶಾಲಾ ಶಿಕ್ಷಕಿ. ಕೇದಾರಕಂಠಕ್ಕೆ ಮೊದಲ ಸಲ 51ನೇ ವಯಸ್ಸಿನಲ್ಲಿ, ಎರಡನೆಯ ಸಲ 56ನೇ ವಯಸ್ಸಿನಲ್ಲಿ ಹೋಗಿ ಬಂದಿದ್ದೇನೆ. ಮೊದಲ ಸಲ ಶಿಖರ ಮುಟ್ಟಿದೆ, ಎರಡನೆಯ ಸಲ ಮುಟ್ಟಲಿಲ್ಲ. ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು ಎರಡನೆಯ ಪ್ರವಾಸವೇ. ಹಾಗಾಗಿ ನೀವು ಮೂವರೂ ಹೋಗಬಹುದು, ಹೋಗಲೇಬೇಕು ಎಂದೇ ನಾನು ಹೇಳುವುದು. ಆದರೆ ‘ಸುಲಭ’ ಎಂಬ ಪದವನ್ನು ಮಾತ್ರ ಮನಸ್ಸಿನಿಂದ ತೆಗೆದುಹಾಕಿ.

ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯೇ ಸುಮಾರು 1,950 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಅಂದರೆ ನೀವು ಇದುವರೆಗೆ ಎಲ್ಲಿಗೆ ಹತ್ತಿ ನಿಂತು ಕೆಳಗೆ ನೋಡಿದ್ದೀರೋ ಅಲ್ಲಿಂದ ಮೊದಲ ಹೆಜ್ಜೆ ಇಡುತ್ತೀರಿ. ಅಲ್ಲಿಂದ ಒಂದು ದಿನ ದೇವದಾರು ಮತ್ತು ಓಕ್ ಮರಗಳ ಕಾಡಿನಲ್ಲಿ ಹತ್ತಿ, ಸುಮಾರು 2,770 ಮೀಟರ್ ಎತ್ತರದ ಜೂಡಾ ಕಾ ತಾಲಾಬ್ ಎಂಬ ಪುಟ್ಟ ಕೆರೆಯ ಬಳಿ ತಂಗುತ್ತಾರೆ. ಮರುದಿನ ಸುಮಾರು 3,430 ಮೀಟರಿನ ಬುಡದ ಶಿಬಿರ, ಮೂರನೆಯ ದಿನ ಬೆಳಗಿನ ಜಾವ ಶಿಖರ. ಹತ್ತುವುದು ಕಷ್ಟವಲ್ಲ. ಮೂರನೆಯ ದಿನ ಶಿಖರದಿಂದ ಹರ್‌ಗಾಂವ್ ಶಿಬಿರದವರೆಗೆ ಒಂದೇ ದಿನದಲ್ಲಿ ಸುಮಾರು 1,100 ಮೀಟರ್ ಇಳಿಯುವುದೇ ನಮ್ಮ ವಯಸ್ಸಿನವರಿಗೆ ನಿಜವಾದ ಪರೀಕ್ಷೆ. ಚಾಮುಂಡಿ ಬೆಟ್ಟ ಬುಡದಿಂದ ಸುಮಾರು 300 ಮೀಟರ್ ಎಂದು ಇಟ್ಟುಕೊಂಡರೆ, ಜಾರುವ ನೆಲದ ಮೇಲೆ ಅದನ್ನು ಮೂರೂವರೆ ಸಲ ಬಿಡದೆ ಇಳಿದ ಹಾಗಾಯಿತು. ನಿಮ್ಮ ಶ್ರೀಮತಿಯವರ ಮೊಣಕಾಲಿನ ವಿಷಯವನ್ನು ಈಗಲೇ ಗಂಭೀರವಾಗಿ ತೆಗೆದುಕೊಳ್ಳಿ. ಭಾನುವಾರದ ಬೆಟ್ಟವನ್ನು ವಾರಕ್ಕೆ ಮೂರು ಸಲ ಮಾಡಿ, ಎರಡನೆಯ ತಿಂಗಳಿನಿಂದ ಬೆನ್ನಿಗೆ ಐದಾರು ಕಿಲೋ ಭಾರ ಹಾಕಿಕೊಳ್ಳಿ, ಇಳಿಯುವಾಗ ಧಡಧಡನೆ ಇಳಿಯದೆ ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಎರಡೂ ಕೈಯಲ್ಲಿ ಟ್ರೆಕ್ಕಿಂಗ್ ಪೋಲ್ ಎಂಬ ಊರುಗೋಲು ಹಿಡಿದು ಇಳಿಯುವುದನ್ನು ಇಲ್ಲೇ ರೂಢಿ ಮಾಡಿಕೊಳ್ಳಿ. ಪೋಲ್ ಹಿಡಿಯುವುದನ್ನು ಹಿಮದಲ್ಲಿ ಹೊಸದಾಗಿ ಕಲಿಯಲು ಆಗುವುದಿಲ್ಲ.

ಈಗ ಚಳಿಯ ಮಾತು. ಚಳಿಗಿಂತ ಒದ್ದೆ ಹೆಚ್ಚು ಅಪಾಯಕಾರಿ ಎಂಬುದನ್ನು ನಾನು ಅನುಭವದಿಂದ ಕಲಿತೆ. ಮೊದಲ ಸಲ ಹೋದಾಗ ಚಳಿಯ ಭಯದಿಂದ ಇದ್ದಬದ್ದ ಉಣ್ಣೆಯನ್ನೆಲ್ಲ ಹಾಕಿಕೊಂಡು ಸಾಂಕ್ರಿಯಿಂದ ಹೊರಟೆ. ಒಳಗೆ ಹತ್ತಿಯ ಬನಿಯನ್ ಇತ್ತು. ಒಂದು ಗಂಟೆಯಲ್ಲಿ ಬೆನ್ನು ಬೆವರಿನಿಂದ ತೊಯ್ದಿತು. ಕೆರೆಯ ಬಳಿ ನಿಂತ ಐದು ನಿಮಿಷಕ್ಕೇ ಆ ಬನಿಯನ್ ಮೈಗೆ ಐಸಿನ ತಗಡಿನಂತೆ ಅಂಟಿಕೊಂಡಿತು. ಹತ್ತಿ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ಬಟ್ಟೆ ಮೈಯ ಶಾಖವನ್ನು ಎಳೆದುಬಿಡುತ್ತದೆ. ಆದ್ದರಿಂದ ಮೈಗೆ ತಾಗುವ ಬಟ್ಟೆ ಬೇಗ ಒಣಗುವ ಪಾಲಿಯೆಸ್ಟರಿನದೋ ಮೆರಿನೋ ಉಣ್ಣೆಯದೋ ಆಗಿರಲಿ. ಅದರ ಮೇಲೆ ಫ್ಲೀಸ್ ಎಂಬ ಹಗುರವಾದ ಬೆಚ್ಚನೆಯ ಬಟ್ಟೆ, ಹೊರಗೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್. ಹಕ್ಕಿಯ ಮೆತ್ತನೆಯ ಪುಕ್ಕ ತುಂಬಿದ ದಪ್ಪನೆಯ ಡೌನ್ ಜಾಕೆಟ್ ನಡೆಯುವಾಗ ಹಾಕಿಕೊಳ್ಳುವುದಕ್ಕಲ್ಲ, ನಿಂತಾಗ ಹಾಕಿಕೊಳ್ಳುವುದಕ್ಕೆ. ಹೊರಡುವಾಗ ಸ್ವಲ್ಪ ಚಳಿ ಎನಿಸುವಷ್ಟೇ ಬಟ್ಟೆಯಲ್ಲಿ ಹೊರಡಿ, ಬೆವರು ಬರುವ ಮೊದಲೇ ಒಂದು ಪದರ ತೆಗೆಯಿರಿ, ನಿಂತ ಕೂಡಲೇ ಒಂದು ಪದರ ಹಾಕಿ. ದಿನಕ್ಕೆ ಹತ್ತು ಸಲ ಹೀಗೆ ಹಾಕಿ ತೆಗೆಯಲು ಬೇಸರವಾಗುತ್ತದೆ, ಆದರೂ ಬಿಡಬೇಡಿ.

ಕೈಗವಸು ಪ್ರತಿಯೊಬ್ಬರಿಗೂ ಎರಡು ಜೊತೆ ಇರಲಿ. ನಾನು ಮೊದಲ ದಿನ ಆಸೆಯಿಂದ ಹಿಮವನ್ನು ಕೈಯಲ್ಲಿ ತೆಗೆದು ಉಂಡೆ ಕಟ್ಟಿ ಆಡಿದೆ. ರಾತ್ರಿ ಒದ್ದೆಯಾದ ಆ ಉಣ್ಣೆಯ ಗವಸುಗಳನ್ನು ಟೆಂಟಿನ ಮೂಲೆಯಲ್ಲಿ ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಅವು ಪೋಲ್ ಹಿಡಿದ ಆಕಾರದಲ್ಲೇ ಬೆರಳು ಮಡಚಿಕೊಂಡು ಕಟ್ಟಿಗೆಯಂತೆ ಸೆಟೆದಿದ್ದವು. ಅಡುಗೆಯ ಹುಡುಗನೊಬ್ಬ ತನ್ನ ಹೆಚ್ಚುವರಿ ಜೊತೆಯನ್ನು ಕೊಡದಿದ್ದರೆ ಆ ದಿನ ನಾನು ಅಲ್ಲಿಂದಲೇ ಹಿಂತಿರುಗಬೇಕಾಗಿತ್ತು.

ಬೂಟಿನ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಹರಡು ಮುಚ್ಚುವಷ್ಟು ಎತ್ತರ, ನೀರು ಒಳಗೆ ಬಾರದ ಹೊರಮೈ, ಹಲ್ಲು ಹಲ್ಲಾದ ಅಟ್ಟೆ ಇರಲಿ. ದಪ್ಪ ಕಾಲುಚೀಲ ಹಾಕಿದ ಮೇಲೂ ಬೆರಳು ಆಡಿಸುವಷ್ಟು ಜಾಗವಿರಬೇಕು. ಬಿಗಿಯಾದ ಬೂಟಿನಲ್ಲಿ ರಕ್ತ ಸಂಚಾರ ಕುಂದಿ ಬೆರಳು ಬೇಗ ಮರಗಟ್ಟುತ್ತದೆ. ಹೊಸ ಬೂಟನ್ನು ಇಲ್ಲೇ ಕನಿಷ್ಠ ಐವತ್ತು ಕಿಲೋಮೀಟರ್ ನಡೆದು ಪಳಗಿಸಿಕೊಳ್ಳಿ. ಜಾರದಂತೆ ಬೂಟಿನ ಕೆಳಗೆ ಸಿಕ್ಕಿಸುವ ಲೋಹದ ಮುಳ್ಳುಗಳಾದ ಮೈಕ್ರೋಸ್ಪೈಕ್ ಮತ್ತು ಬೂಟಿನೊಳಗೆ ಹಿಮ ಹೋಗದಂತೆ ಮೊಣಕಾಲಿನವರೆಗೆ ಕಟ್ಟುವ ಗೇಟರನ್ನು ಸಾಮಾನ್ಯವಾಗಿ ಕರೆದುಕೊಂಡು ಹೋಗುವ ಸಂಸ್ಥೆಯವರೇ ಕೊಡುತ್ತಾರೆ, ಆದರೆ ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ. ಹಿಮ ಎಂದರೆ ಹತ್ತಿಯಂತೆ ಮೆತ್ತಗೆ ಇರುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ನೂರಾರು ಜನ ತುಳಿದ ದಾರಿಯಲ್ಲಿ ಹಗಲು ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಗಿರುತ್ತದೆ. ನಾನು ನೋಡಿದಂತೆ ಜನ ಬಿದ್ದು ಮಣಿಕಟ್ಟು ಮುರಿದುಕೊಂಡದ್ದು ಇಂಥ ಜಾಗದಲ್ಲಿಯೇ ಹೊರತು ಕಡಿದಾದ ಏರಿನಲ್ಲಲ್ಲ.

ಶಿಖರದ ದಿನ ಹೆಚ್ಚಿನ ತಂಡಗಳು ಸೂರ್ಯೋದಯ ತೋರಿಸಲೆಂದು ರಾತ್ರಿ ಮೂರು ಗಂಟೆಗೇ ಎಬ್ಬಿಸಿ ಹೊರಡಿಸುತ್ತವೆ. ಅದು ಇಡೀ ದಿನದಲ್ಲಿ ಅತಿ ಹೆಚ್ಚು ಚಳಿಯ ಹೊತ್ತು. ಎಲ್ಲರೂ ಒಟ್ಟಿಗೆ ಹೊರಡುವುದರಿಂದ ಕಿರಿದಾದ ದಾರಿಯಲ್ಲಿ ಸಾಲು ನಿಂತು ಕಾಯಬೇಕಾಗುತ್ತದೆ, ಆ ನಿಲ್ಲುವಿಕೆಯಲ್ಲೇ ಮೈ ತಣ್ಣಗಾಗುತ್ತದೆ. ಎರಡನೆಯ ಸಲ ನಾವು ನಾಲ್ವರು ಗೈಡ್‌ಗೆ ಮೊದಲೇ ಹೇಳಿ, ಬೆಳಕು ಹರಿದ ಮೇಲೆ ಆರೂವರೆಗೆ ಹೊರಟೆವು. ಹನ್ನೊಂದಕ್ಕೆ ಎಲ್ಲಿದ್ದರೂ ತಿರುಗುವುದು ಎಂದು ಹಿಂದಿನ ರಾತ್ರಿಯೇ ನಿರ್ಧರಿಸಿದ್ದೆವು. ಶಿಖರಕ್ಕೆ ಇನ್ನು ನೂರು ಮೀಟರ್ ಇರುವಾಗ ಗಾಳಿ ಎದ್ದಿತು, ಪಶ್ಚಿಮದಲ್ಲಿ ಮೋಡ ಕಟ್ಟಿತು, ತಿರುಗಿದೆವು. ತಿರುಗುವ ಮುಂಚೆ ಎದುರಿಗೆ ಸ್ವರ್ಗಾರೋಹಿಣಿ, ಕಾಲಾನಾಗ್, ಬಂದರ್‌ಪೂಂಛ್ ಮೂರೂ ಶಿಖರಗಳನ್ನು ಹತ್ತು ನಿಮಿಷ ನೋಡುತ್ತ ಕುಳಿತಿದ್ದೆವು. ಅಲ್ಲಿ ಯಾವ ಗುಂಪೂ ಇರಲಿಲ್ಲ. ಕೆಳಗಿನ ಓಕ್ ಮರದಿಂದ ಹಿಮ ಜಾರಿ ಬೀಳುವ ಸದ್ದಷ್ಟೇ ಕೇಳುತ್ತಿತ್ತು.

ಬಂದರು ರಸ್ತೆ, ಮಂಗಳೂರು

ನಾನು ವೈದ್ಯ, ಚಾರಣದ ಹವ್ಯಾಸವೂ ಇದೆ. ಧಾರವಾಡದ ಮೇಡಂ ಚಳಿಯ ಬಗ್ಗೆ ಬರೆದದ್ದಕ್ಕೆ ಎತ್ತರದ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ. ಇದು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿಮ್ಮನ್ನು ನೋಡುವ ವೈದ್ಯರ ಮಾತೇ ಕೊನೆಯದು, ಹೊರಡುವ ಒಂದು ತಿಂಗಳ ಮೊದಲು ಅವರನ್ನು ಕಾಣಿರಿ.

3,800 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಮೂರನೇ ಎರಡು ಭಾಗಕ್ಕಿಂತ ತುಸು ಕಡಿಮೆ. ಆದ್ದರಿಂದ ಪ್ರತಿ ಉಸಿರಿನಲ್ಲೂ ಒಳಗೆ ಬರುವ ಆಮ್ಲಜನಕ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಸುಮಾರು 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ಎತ್ತರದ ಕಾಯಿಲೆ ಬರಬಹುದು. ಮೈಸೂರಿನಲ್ಲಿ ದಿನಾ ಬೆಟ್ಟ ಹತ್ತುವವರಿಗೆ ಬರುವುದಿಲ್ಲ ಎಂದೇನಿಲ್ಲ. ಗಟ್ಟಿಮುಟ್ಟಾದ ಯುವಕರು ಬೇಗ ಬೇಗ ಹತ್ತಿ ಮೊದಲು ಬೀಳುವುದನ್ನು ನಾನೇ ಕಂಡಿದ್ದೇನೆ. ಹೊಸ ಎತ್ತರ ತಲುಪಿದ ಕೆಲವು ಗಂಟೆಗಳ ನಂತರ ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು, ನಿದ್ದೆ ಬಾರದಿರುವುದು ಇದರ ಆರಂಭ. ತಲೆನೋವಿನ ಜೊತೆ ಇವುಗಳಲ್ಲಿ ಒಂದು ಸೇರಿದರೂ ಇನ್ನೂ ಮೇಲೆ ಹೋಗಬಾರದು. ವಿಶ್ರಾಂತಿಯಲ್ಲಿದ್ದಾಗಲೂ ಏದುಸಿರು, ಬಿಡದ ಕೆಮ್ಮು, ನೇರ ಗೆರೆಯ ಮೇಲೆ ನಡೆಯಲು ತಡವರಿಸುವುದು, ಮಾತಿನಲ್ಲಿ ಗೊಂದಲ ಕಂಡರೆ ಬೆಳಗಾಗಲಿ ಎಂದು ಕಾಯದೆ ಜೊತೆಗೊಬ್ಬರೊಡನೆ ಕೆಳಗೆ ಇಳಿಸಬೇಕು. ಕೇದಾರಕಂಠದ ಒಂದು ಅನುಕೂಲವೆಂದರೆ ಶಿಖರದಿಂದ ಕಾಡಿನವರೆಗೆ ಬೇಗ ಇಳಿದುಬಿಡಬಹುದು.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎಂಬುದು ವೈದ್ಯಕೀಯ ಸಲಹೆ. ಮೇಲೆ ಹೇಳಿದ ವೇಳಾಪಟ್ಟಿಯಲ್ಲಿ ಎರಡನೆಯ ರಾತ್ರಿಗೆ 660 ಮೀಟರ್ ಏರಿಕೆಯಾಗುತ್ತದೆ. ಹಾಗಾಗಿ ಸಾಂಕ್ರಿಯಲ್ಲಾಗಲಿ ಕೆರೆಯ ಬಳಿಯಾಗಲಿ ಒಂದು ರಾತ್ರಿ ಹೆಚ್ಚು ಉಳಿಯುವ ವ್ಯವಸ್ಥೆ ಮಾಡಿಕೊಳ್ಳುವುದು ನಿಮ್ಮ ವಯಸ್ಸಿಗೆ ಬಹಳ ಒಳ್ಳೆಯದು. ಅಸೆಟಜೋಲಮೈಡ್ ಮಾತ್ರೆಯನ್ನು ಮುಂಜಾಗ್ರತೆಗಾಗಿ ಹತ್ತುವ ಹಿಂದಿನ ದಿನದಿಂದ ಕೊಡುವುದುಂಟು. ಆದರೆ ಸಲ್ಫಾ ಔಷಧಿಯ ಅಲರ್ಜಿ ಇರುವವರು ಮತ್ತು ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ನಿಮ್ಮ ರಕ್ತದೊತ್ತಡ ಹತೋಟಿಯಲ್ಲಿದ್ದರೆ ಅದೊಂದೇ ಕಾರಣಕ್ಕೆ ಹೋಗಬಾರದು ಎಂದಿಲ್ಲ. ಎತ್ತರದಲ್ಲಿ, ಚಳಿಯಲ್ಲಿ ಅದು ಸ್ವಲ್ಪ ಏರುವುದು ಸಹಜ. ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ. ಚೀಲ ಕಳೆದುಹೋಗಬಹುದಾದ್ದರಿಂದ ಎರಡು ಕಡೆ ಹಂಚಿ ಇಟ್ಟುಕೊಳ್ಳಿ. ಮೊಣಕಾಲು ನೋವಿಗೆಂದು ನೋವಿನ ಮಾತ್ರೆಗಳನ್ನು ನುಂಗುತ್ತ ನಡೆಯುವುದು ಬೇಡ. ನೀರು ಕಡಿಮೆ ಕುಡಿದ ಸ್ಥಿತಿಯಲ್ಲಿ ಅವು ಮೂತ್ರಪಿಂಡಕ್ಕೆ ತೊಂದರೆ ಮಾಡುತ್ತವೆ. ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ರಾತ್ರಿ ಟೆಂಟಿನಿಂದ ಹೊರಗೆ ಹೋಗಬೇಕಾದೀತೆಂದು, ಅದರಲ್ಲೂ ಹೆಣ್ಣುಮಕ್ಕಳು, ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂವರೂ ದಿನಕ್ಕೆ ಮೂರು ಲೀಟರ್ ಆದರೂ ಕುಡಿಯಿರಿ. ಮೈ ಬಿಸಿಯಾಗಲೆಂದು ಮದ್ಯ ಕುಡಿಯುವ ಪದ್ಧತಿ ಕೆಲವು ಗುಂಪುಗಳಲ್ಲಿದೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆಚ್ಚಗಾದಂತೆ ತೋರಿಸಿ, ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ.

ನಿಮ್ಮ ತಾಯಿಯವರ ಪ್ರಶ್ನೆ ಬಹಳ ಸರಿಯಾದದ್ದು. ಹೈಪೋಥರ್ಮಿಯಾಗೆ, ಅಂದರೆ ಮೈಯ ಶಾಖ ಅಪಾಯದ ಮಟ್ಟಕ್ಕೆ ಇಳಿಯುವುದಕ್ಕೆ, ಜೂನ್, ಜನವರಿ ಎಂಬ ಭೇದವಿಲ್ಲ. ಗಾಳಿ, ಒದ್ದೆ ಮತ್ತು ದಣಿವು ಮೂರೂ ಸೇರಿದರೆ ಅದು ಯಾವ ತಿಂಗಳಲ್ಲೂ ಬರುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಮೊದಲು ಜೋರು ನಡುಕ, ಆಮೇಲೆ ಎಡವುವುದು, ಮಾತು ತೊದಲುವುದು, ಜಿಪ್ ಎಳೆಯಲೂ ಬೆರಳು ಬಾರದಿರುವುದು, ಯಾರ ಮಾತನ್ನೂ ಕೇಳದೆ ಸುಮ್ಮನೆ ಕುಳಿತುಬಿಡುವುದು ಕಾಣುತ್ತದೆ. ಅನುಭವಿಸುವವರಿಗೆ ಅದು ತಿಳಿಯುವುದಿಲ್ಲ, ಪಕ್ಕದವರಿಗೆ ತಿಳಿಯಬೇಕು. ನಡುಕ ತಾನಾಗಿ ನಿಂತರೆ ವಾಸಿಯಾಯಿತೆಂದು ತಿಳಿಯಬೇಡಿ, ಅದು ಇನ್ನೂ ಕೆಟ್ಟ ಸ್ಥಿತಿ. ಮೂವರೂ ಒಬ್ಬರ ಮುಖವನ್ನೊಬ್ಬರು ಗಂಟೆಗೊಮ್ಮೆ ನೋಡಿ, ಎರಡು ಮಾತಾಡಿಸಿ.

ಘಟ್ಟದ ಮೇಲಿನವ, ಡೆಹ್ರಾಡೂನ್

ಶಿರಸಿಯವನು, 14 ವರ್ಷಗಳಿಂದ ಕೆಲಸದ ನಿಮಿತ್ತ ಡೆಹ್ರಾಡೂನಿನಲ್ಲಿದ್ದೇನೆ. ಈ ಭಾಗದಲ್ಲಿ ಪ್ರತಿ ಚಳಿಗಾಲ ಸುತ್ತುತ್ತೇನೆ. ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನೀವು ಹೋಗುವ ತಿಂಗಳ ಬಗ್ಗೆ ಯಾರೂ ಹೇಳಿಲ್ಲ. ನನ್ನ ಪ್ರಕಾರ ಮುಖ್ಯವಾದದ್ದು ಅದೇ.

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ದಯವಿಟ್ಟು ಕೇದಾರಕಂಠಕ್ಕೆ ಬರಬೇಡಿ. ಆ ದಿನಗಳಲ್ಲಿ ಕೆರೆಯ ಸುತ್ತ ಟೆಂಟುಗಳ ಒಂದು ಪೇಟೆಯೇ ಎದ್ದಿರುತ್ತದೆ, ಶೌಚದ ವ್ಯವಸ್ಥೆ ಸಾಲುವುದಿಲ್ಲ, ಹಿಮದ ಮೇಲೆ ಪ್ಲಾಸ್ಟಿಕ್ ಬಿದ್ದಿರುತ್ತದೆ. ಅಷ್ಟಾಗಿಯೂ ಹಿಮ ಸಿಗುತ್ತದೆಂಬ ಖಾತರಿಯಿಲ್ಲ. ಇಲ್ಲಿ ಚಳಿಗಾಲದ ಹಿಮ ಬೀಳುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ, ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುವ ಮೋಡಗಳ ವ್ಯವಸ್ಥೆಯಿಂದ. ಅದರ ಜೋರು ಸಾಮಾನ್ಯವಾಗಿ ಜನವರಿ, ಫೆಬ್ರುವರಿಯಲ್ಲಿ. ಡಿಸೆಂಬರಿನಲ್ಲಿ ಬರೀ ಒಣ ಹುಲ್ಲು ಮತ್ತು ಹೆಪ್ಪುಗಟ್ಟಿದ ಮಣ್ಣು ನೋಡಿ ಬೇಸರಪಟ್ಟು ಹೋದವರು ನನಗೆ ಗೊತ್ತು. ಫೆಬ್ರುವರಿ ಎರಡನೆಯ ವಾರದ ನಂತರ ಬಂದರೆ ನೆಲದಲ್ಲಿ ಹಿಮ ಕೂಡಿಕೊಂಡಿರುತ್ತದೆ, ಹಗಲು ಒಂದು ಗಂಟೆ ಹತ್ತಿರ ಉದ್ದವಾಗಿರುತ್ತದೆ, ಜನ ಅರ್ಧಕ್ಕರ್ಧ ಕಡಿಮೆ.

ಡೆಹ್ರಾಡೂನಿನಿಂದ ಸಾಂಕ್ರಿಗೆ ಸುಮಾರು 200 ಕಿಲೋಮೀಟರ್. ದೂರ ಕಡಿಮೆ ಎನಿಸಿದರೂ ಮಸ್ಸೂರಿ ಕಡೆಯಿಂದ ನೌಗಾಂವ್, ಪುರೋಲಾ, ಮೋರಿ ಹಾದು ಬರುವಷ್ಟರಲ್ಲಿ ಎಂಟು ಹತ್ತು ಗಂಟೆ ಹಿಡಿಯುತ್ತದೆ. ಬೆಳಗ್ಗೆ ಆರಕ್ಕೇ ಹೊರಡಿ. ದಾರಿಯಲ್ಲಿ ನೈಟ್‌ವಾಡ್ ಬಳಿ ರೂಪಿನ್ ಮತ್ತು ಸೂಪಿನ್ ನದಿಗಳು ಕೂಡಿ ಟೋನ್ಸ್ ಆಗುವ ಜಾಗದಲ್ಲಿ ಐದು ನಿಮಿಷ ನಿಲ್ಲಿ. ಚಳಿಗಾಲದಲ್ಲಿ ಆ ನೀರಿನ ಹಸಿರು ಬಣ್ಣ ನೋಡುವಂಥದ್ದು. ಅಲ್ಲಿಂದ ಮುಂದೆ ಗೋವಿಂದ ವನ್ಯಜೀವಿ ಪ್ರದೇಶ, ಅರಣ್ಯ ಇಲಾಖೆಯ ಪರವಾನಗಿ ಬೇಕು. ಗುರುತಿನ ಚೀಟಿಯ ಪ್ರತಿಗಳನ್ನು ಇಟ್ಟುಕೊಂಡಿರಿ. ಹಿಮ ಬಿದ್ದ ಮರುದಿನ ರಸ್ತೆ ಮುಚ್ಚುವುದು ಇಲ್ಲಿ ಮಾಮೂಲಿ ಸಂಗತಿ. ಹಿಂತಿರುಗುವ ವಿಮಾನಕ್ಕೂ ಸಾಂಕ್ರಿಯಿಂದ ಹೊರಡುವ ದಿನಕ್ಕೂ ನಡುವೆ ಎರಡು ದಿನ ಬಿಡಿ. ವಿಮಾನ ತಪ್ಪುತ್ತದೆಂಬ ಅವಸರದಲ್ಲಿ ಕೆಟ್ಟ ಹವೆಯಲ್ಲಿ ಹೊರಟವರೇ ಹೆಚ್ಚು ಕಷ್ಟಕ್ಕೆ ಸಿಕ್ಕಿರುವುದು.

ಸಾಂಕ್ರಿಯಲ್ಲಿ ಒಂದು ಪೂರ್ತಿ ದಿನ ಇರಿ, ಪಕ್ಕದ ಸೌಡ್ ಹಳ್ಳಿಯವರೆಗೆ ನಡೆಯಿರಿ. ದೇವದಾರಿನ ತೊಲೆ ಮತ್ತು ಕಲ್ಲನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ ಮನೆಗಳಿವೆ. ಕೆಳಗೆ ದನ, ಮೇಲೆ ಜನ. ದನದ ಮೈಶಾಖ ಮೇಲಿನ ಕೋಣೆಗೆ ಏರುತ್ತದೆ. ಊಟಕ್ಕೆ ಹೋಮ್‌ಸ್ಟೇಯಲ್ಲಿ ಮಂಡುವಾ ರೊಟ್ಟಿ ಕೇಳಿ. ಮಂಡುವಾ ಎಂದರೆ ನಮ್ಮ ರಾಗಿಯೇ. ಒಲೆಯ ಪಕ್ಕ ಕುಳಿತ ಅಜ್ಜಿಯೊಬ್ಬರು ಕಬ್ಬಿಣದ ಹಂಚಿನಿಂದ ಆ ಕಪ್ಪು ರೊಟ್ಟಿ ತೆಗೆದು, ಬೆರಳಿನಿಂದ ಗುಳಿ ಮಾಡಿ ತುಪ್ಪ ಬಿಟ್ಟು ಕೊಟ್ಟಾಗ ನನಗೆ ಊರಿನ ಅಡುಗೆಮನೆಯೇ ಕಣ್ಣಿಗೆ ಬಂದಿತ್ತು.

ಇನ್ನೊಂದು ದಾರಿಯನ್ನೂ ಯೋಚಿಸಿ. ನಿಮಗೆ ಬೇಕಾಗಿರುವುದು ಹಿಮ, ಮೂವರ ಜೊತೆ, ಎದುರಿಗೆ ಪರ್ವತ; ಶಿಖರವೇ ಆಗಬೇಕೆಂದು ನೀವೆಲ್ಲೂ ಬರೆದಿಲ್ಲ. ಉತ್ತರಕಾಶಿಯ ಮೇಲಿನ ದಯಾರಾ ಬುಗ್ಯಾಲ್ ನಿಮಗೆ ಇನ್ನೂ ಹೊಂದಬಹುದು. ಬುಗ್ಯಾಲ್ ಎಂದರೆ ಮರಗಳ ಎಲ್ಲೆ ಮುಗಿದ ಮೇಲಿನ ಹುಲ್ಲುಗಾವಲು. ರೈಥಲ್ ಅಥವಾ ಬಾರ್ಸೂ ಹಳ್ಳಿಯಿಂದ ಹತ್ತುವ ಆ ಮೈದಾನ ಸುಮಾರು 3,400 ಮೀಟರಿನಲ್ಲಿದೆ, ಚಳಿಗಾಲದಲ್ಲಿ ಇಡೀ ಬಯಲು ಬೆಳ್ಳಗೆ ಹಾಸಿರುತ್ತದೆ, ಇಳಿಜಾರು ಸೌಮ್ಯ. ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ನಿಷೇಧಿಸಿದ್ದರಿಂದ ಕೆಳಗೆ ಕಾಡಿನ ಅಂಚಿನಲ್ಲಿ ತಂಗಿ, ಹಗಲು ಮೇಲೆ ಹೋಗಿ ಬರುವುದು ರೂಢಿ. ನಿಮ್ಮ ಮನೆಯವರ ಮೊಣಕಾಲಿಗೂ ನಿಮ್ಮ ರಕ್ತದೊತ್ತಡಕ್ಕೂ ಅದೇ ಹಿತ. ಉತ್ತರಕಾಶಿ ಪಟ್ಟಣವೂ ಅಲ್ಲಿಗೆ ಹತ್ತಿರ.

ಎಲ್ಲಿಗೆ ಹೋದರೂ ಆ ಹಳ್ಳಿಯವನೇ ಆದ ಗೈಡ್ ಇರಲಿ. ಹಣ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿ: ಹವಾಮಾನ ಇಲಾಖೆ ಕೆಟ್ಟ ಹವೆಗೆ ಸಜ್ಜಾಗಿರಿ ಎನ್ನುವ ಕಿತ್ತಳೆ ಎಚ್ಚರಿಕೆ ಕೊಟ್ಟರೆ ಏನು ಮಾಡುತ್ತೀರಿ, ಒಬ್ಬರಿಗೆ ಆಗದಿದ್ದರೆ ಅವರ ಜೊತೆ ಇಳಿಯಲು ಎರಡನೆಯ ಗೈಡ್ ಇದ್ದಾನೆಯೇ, ಸ್ಲೀಪಿಂಗ್ ಬ್ಯಾಗ್ ಮೈನಸ್ ಎಷ್ಟು ಡಿಗ್ರಿಗೆ ತಯಾರಾದದ್ದು. ಮೇಲಿನ ಶಿಬಿರದಲ್ಲಿ ರಾತ್ರಿ ಮೈನಸ್ ಹತ್ತಕ್ಕೆ ಇಳಿಯುವುದುಂಟು. ಕೆಲವು ವರ್ಷಗಳ ಹಿಂದೆ ನನ್ನ ನೆಂಟರನ್ನು ಕರೆದುಕೊಂಡು ಹೋದ ಒಂದು ಸಂಸ್ಥೆ ಈ ಎರಡನೆಯ ಪ್ರಶ್ನೆಗೆ ‘ಚಿಂತೆ ಬೇಡ’ ಎಂದಷ್ಟೇ ಉತ್ತರಿಸಿತ್ತು. ಆಮೇಲೆ ಜ್ವರ ಬಂದ ಹುಡುಗಿಯೊಬ್ಬಳು ಇಡೀ ಮಧ್ಯಾಹ್ನ ಟೆಂಟಿನಲ್ಲಿ ಒಂಟಿಯಾಗಿ ಮಲಗಿರಬೇಕಾಯಿತು.

ಸಾವಿರ ಮೆಟ್ಟಿಲು, ಮೈಸೂರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ನಿನ್ನೆ ರಾತ್ರಿ ಊಟವಾದ ಮೇಲೆ ತಾಯಿಗೂ ಸೇರಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ದಯಾರಾಕ್ಕೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಮಗಳಿಗೆ ಶಿಖರ ತಪ್ಪಿದ ಬೇಸರ ಸ್ವಲ್ಪ ಇದೆ. ಕೇದಾರಕಂಠವನ್ನು ಮುಂದೆ ಗೆಳತಿಯರ ಜೊತೆ ಹತ್ತುತ್ತೇನೆ ಎಂದಳು. ಫೆಬ್ರುವರಿ ಮೂರನೆಯ ವಾರ, ರೈಥಲ್‌ನಲ್ಲಿ ಎರಡು ರಾತ್ರಿ, ಕಾಡಿನ ಅಂಚಿನ ಶಿಬಿರದಲ್ಲಿ ಎರಡು ರಾತ್ರಿ, ಹಿಂತಿರುಗುವ ವಿಮಾನಕ್ಕೆ ಮೊದಲು ಎರಡು ದಿನ ಬಿಡುವು. ತಿರುಗುವ ಹೊತ್ತು ಮಧ್ಯಾಹ್ನ ಹನ್ನೆರಡು ಎಂದು ಈಗಲೇ ಕ್ಯಾಲೆಂಡರಿನ ಮೇಲೆ ಬರೆದಿದ್ದೇವೆ. ತಾಯಿ ಒಂದೇ ಒಂದು ಪ್ರಶ್ನೆ ಕೇಳಿದರು: ರಾತ್ರಿ ಟೆಂಟಿನಲ್ಲಿ ಮೈನಸ್ ಹತ್ತರಲ್ಲಿ ಹೇಗೆ ನಿದ್ದೆ ಬರುತ್ತದೆ?

ಸಾಧನಕೇರಿ, ಧಾರವಾಡ

ಬಹಳ ಸಂತೋಷವಾಯಿತು ಸರ್. ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ, ಅವರ ಪ್ರಶ್ನೆಗೆ ಉತ್ತರ ಹೀಗಿದೆ. ಸ್ಲೀಪಿಂಗ್ ಬ್ಯಾಗ್ ತಾನಾಗಿ ಶಾಖ ಕೊಡುವುದಿಲ್ಲ, ನಮ್ಮ ಮೈಶಾಖವನ್ನು ಹಿಡಿದಿಡುತ್ತದೆ ಅಷ್ಟೇ. ಆದ್ದರಿಂದ ತಣ್ಣಗಾದ ಮೈಯಲ್ಲಿ ಒಳಗೆ ಸೇರಬಾರದು. ಹೊಟ್ಟೆತುಂಬ ಬಿಸಿ ಊಟ ಮಾಡಿ, ಹತ್ತು ನಿಮಿಷ ಶಿಬಿರದ ಸುತ್ತ ಓಡಾಡಿ, ಹಗಲು ತೊಟ್ಟ ಬಟ್ಟೆಯನ್ನೆಲ್ಲ ಬದಲಿಸಿ, ಮಲಗುವುದಕ್ಕೆಂದೇ ಮೀಸಲಿಟ್ಟ ಒಣ ಥರ್ಮಲ್ ಮತ್ತು ಒಣ ಕಾಲುಚೀಲ ಹಾಕಿಕೊಳ್ಳಲಿ. ನೆಲದಿಂದ ಬರುವ ಚಳಿಯೇ ಹೆಚ್ಚು. ಕೆಳಗೆ ಎರಡು ಮ್ಯಾಟ್ ಕೇಳಿ ಪಡೆಯಿರಿ. ಅಡುಗೆಯವರಿಂದ ಸ್ಟೀಲ್ ಬಾಟಲಿಗೆ ಬಿಸಿನೀರು ಹಾಕಿಸಿ, ಮುಚ್ಚಳ ಬಿಗಿಯಾಗಿದೆಯೇ ಎಂದು ತಲೆಕೆಳಗು ಮಾಡಿ ನೋಡಿ, ಹಳೆಯ ಕಾಲುಚೀಲದೊಳಗೆ ತೂರಿಸಿ ಪಾದದ ಹತ್ತಿರ ಇಟ್ಟುಕೊಂಡರೆ ನಡುರಾತ್ರಿಯವರೆಗೆ ಬೆಚ್ಚಗಿರುತ್ತದೆ. ಬೆಳಗ್ಗೆ ಅದೇ ನೀರನ್ನು ಕುಡಿಯಬಹುದು. ಮೊಬೈಲು, ಟಾರ್ಚಿನ ಬ್ಯಾಟರಿ, ಕೈಗವಸು, ಕನ್ನಡಕ ಎಲ್ಲವೂ ಬ್ಯಾಗಿನ ಒಳಗೆ ನಿಮ್ಮ ಜೊತೆಗೇ ಮಲಗಲಿ. ಮೂಗು ಬಾಯಿ ಮಾತ್ರ ಹೊರಗಿರಲಿ. ಒಳಗೆ ಉಸಿರಾಡಿದರೆ ಆ ಹಬೆಯಿಂದ ಬ್ಯಾಗ್ ಒದ್ದೆಯಾಗುತ್ತದೆ.

ಮರೆತಿದ್ದೆ: ಹಿಮದ ಬಯಲಿನಲ್ಲಿ ಬಿಸಿಲು ಮೇಲಿನಿಂದಲೂ ಕೆಳಗಿನಿಂದಲೂ ಬರುತ್ತದೆ. ಹೊಸ ಹಿಮ ಅತಿನೇರಳೆ ಕಿರಣದ ಬಹುಪಾಲನ್ನು ತಿರುಗಿಸಿ ಮುಖಕ್ಕೇ ಎಸೆಯುತ್ತದೆ. ಮೂವರಿಗೂ ಪಕ್ಕಗಳನ್ನು ಮುಚ್ಚುವ ಒಳ್ಳೆಯ ಕಪ್ಪು ಕನ್ನಡಕ ಇರಲೇಬೇಕು, ಇಲ್ಲದಿದ್ದರೆ ಸಂಜೆಗೆ ಕಣ್ಣಿಗೆ ಮರಳು ಬಿದ್ದಂತೆ ಉರಿ. ನಿಮ್ಮ ಮನೆಯವರು ಚಷ್ಮಾ ಹಾಕುವವರಾದರೆ ಅದೇ ನಂಬರಿನ ಕಪ್ಪು ಗಾಜು ಮಾಡಿಸಲು ಹದಿನೈದು ದಿನ ಮೊದಲೇ ಕೊಡಿ.